ಕ್ಯಾಮೆರಾದ ಕೆಳಗೆ ಟೈಲರಣ್ಣನ ಕಾಲು

ಲೋಕದಲ್ಲಿ ನದಿಗಳು ಬತ್ತಿವೆ, ಸಾಮ್ರಾಜ್ಯಗಳು ಮಣ್ಣಾಗಿವೆ. ಟೈಲರಣ್ಣನ ಬಲಗಾಲು ನಿಂತದ್ದನ್ನು ಮಾತ್ರ ಕಂಡವರಿಲ್ಲ. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಆ ಕಾಲು ಊಟಕ್ಕೆ ಕೂತಾಗಲೂ ತುಳಿಯುತ್ತಿತ್ತು, ನಿದ್ದೆಯಲ್ಲೂ ತುಳಿಯುತ್ತಿತ್ತು. ಮದುವೆಯ ಫೋಟೋದಲ್ಲಿ ಎಲ್ಲರಿಗೂ ಎರಡೆರಡು ಕಾಲು. ವರನಿಗೆ ಮಾತ್ರ ಒಂದು ಕಾಲು, ಇನ್ನೊಂದರ ಜಾಗದಲ್ಲಿ ಬರೀ ಮಂಜು.

ಇಂಥ ಮಹಾವೀರನನ್ನು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಿರಿದಾದ ಮಂಚದ ಮೇಲೆ ಮಲಗಿಸಿ, ಅರ್ಧ ಗಂಟೆ ಮಿಸುಕಬಾರದು ಎಂದರು. ಅಕ್ಕನಿಗೆ ಕಿಡ್ನಿ ಕೊಡಲು ಬಂದಿದ್ದ. ಅವಳ ಎರಡೂ ಕಿಡ್ನಿ ಕೈಕೊಟ್ಟು ನಾಲ್ಕು ವರ್ಷ. ಡಯಾಲಿಸಿಸ್ ಸೂಜಿ ಚುಚ್ಚಲು ಕೈಗಳಲ್ಲಿ ಇನ್ನು ಜಾಗ ಉಳಿದಿರಲಿಲ್ಲ. ಮನೆಮಂದಿಯಲ್ಲಿ ರಕ್ತ ಹೊಂದಿದ್ದು ಇವನೊಬ್ಬನದೇ. ಇವನ ಎರಡೂ ಕಿಡ್ನಿ ಸರಿಸಮನಾಗಿ ದುಡಿಯುತ್ತಿವೆ ಎಂಬುದೊಂದು ಖಾತ್ರಿಯಾಗಬೇಕಿತ್ತು.

ಅದಕ್ಕೆ ಬೇಕಾದ ವಿಕಿರಣದ ಮದ್ದು ಸೀಸದ ಡಬ್ಬಿಯೊಳಗೆ ಮಹಾರಾಜನ ಗತ್ತಿನಲ್ಲಿ ಬಂದಿತ್ತು. ರಕ್ತಕ್ಕೆ ಸೇರಿದೊಡನೆ ಕಿಡ್ನಿಗಳು ಅದನ್ನು ಎಳೆದುಕೊಳ್ಳುತ್ತವೆ. ಯಾವುದು ಎಷ್ಟು ಎಳೆಯಿತೆಂದು ಕ್ಯಾಮೆರಾ ಗುರುತಿಸುತ್ತದೆ. ಆರು ಗಂಟೆ ಕಳೆದರೆ ಮದ್ದಿನ ಕಸುವು ಅರ್ಧ. ಹೋದ ವಾರ ಕಾಲು ತುಳಿದು, ಮೈಯೆಲ್ಲ ಕುಲುಕಿ, ಚಿತ್ರ ಕಲಸಿಹೋಗಿತ್ತು.

"ಅಣ್ಣ, ಇವತ್ತೂ ಕೆಟ್ರೆ ನಾನಂತೂ ಮತ್ತೆ ಸೂಜಿ ಹಾಕಲ್ಲ," ಎಂದು ಟೆಕ್ನಿಷಿಯನ್ ಹುಡುಗಿ ಮದ್ದು ಏರಿಸಿ, ಕಾಲಿಗೆ ಪಟ್ಟಿ ಬಿಗಿದಳು. ಪಟ್ಟಿಯೊಳಗೇ ಕಾಲು ಕೆಲಸ ಶುರು ಹಚ್ಚಿಕೊಂಡಿತು.

ಬಾಗಿಲ ಬಳಿ ಗಾಲಿಕುರ್ಚಿಯಲ್ಲಿದ್ದ ಅಕ್ಕನಿಗೆ ಅದೇ ಬೇಕಾಗಿತ್ತು. "ತುಳಿಯೋ, ಚೆನ್ನಾಗಿ ತುಳಿ. ನಿನ್ನ ಹೊಟ್ಟೆ ಕೊಯ್ಯೋದಾದ್ರೂ ತಪ್ಪುತ್ತೆ."

"ಸುಮ್ನಿರಕ್ಕ. ನಗು ಬಂದ್ರೆ ಇನ್ನೂ ಕೆಡುತ್ತೆ."

"ನಗೋಕೇನಿದೆ? ಈ ವರ್ಷ ನಾನು ಸೊರಗಿದ ಹಾಗೆಲ್ಲ ನನ್ನ ಬಟ್ಟೆನ ಮೂರು ಸಲ ಹಿಡಿದು ಹೊಲಿಗೆ ಹಾಕಿದೀಯ. ಇನ್ನು ಹಿಡಿಯೋಕೆ ಬಟ್ಟೆ ಎಲ್ಲಿದೆಯೋ?"

ಕಾಲು ನಿಂತಿತು.

ಹುಡುಗಿ ಯಂತ್ರವೇ ಕೆಟ್ಟಿತೇನೋ ಎಂದು ಮೂರು ಸಲ ಪರದೆ ನೋಡಿದಳು. ಅವನು ಚಾವಣಿಯ ತೇವದ ಕಲೆಗಳನ್ನೇ ನೋಡುತ್ತ, ಕಣ್ಣಿನಿಂದ ಕಿವಿಗಿಳಿಯುತ್ತಿದ್ದ ನೀರನ್ನೂ ಒರೆಸಿಕೊಳ್ಳದೆ, ಕಲ್ಲಾಗಿ ಬಿದ್ದಿದ್ದ. ಅರ್ಧ ಗಂಟೆ ಪೂರ್ತಿ.

ಮಧ್ಯಾಹ್ನ ಡಾಕ್ಟರಮ್ಮ ಇಬ್ಬರನ್ನೂ ಒಳಗೆ ಕರೆದು ಚಿತ್ರ ತೋರಿಸಿದರು. ಎಡಗಡೆ ಕಪ್ಪಗೆ ತುಂಬಿದ ಬೀಜ. ಬಲಗಡೆ ಒರೆಸಿ ಬಿಟ್ಟಂಥ ಮಸುಕು.

"ನೋಡೋಕೆ ಎರಡೂ ಒಂದೇ ಗಾತ್ರ. ಆದ್ರೆ ಎಡಗಡೆದು ನೂರಕ್ಕೆ ಎಂಬತ್ತು ಪಾಲು ಕೆಲಸ ಮಾಡ್ತಿದೆ, ಬಲಗಡೆದು ಬರೀ ಇಪ್ಪತ್ತು. ಆ ಇಪ್ಪತ್ತರಿಂದ ನಿಮ್ಮಕ್ಕನಿಗೆ ಏನೂ ಆಗಲ್ಲ. ನೀವು ಕೊಡೋ ಹಾಗಿಲ್ಲ."

ಅಕ್ಕ ದೊಡ್ಡದೊಂದು ಉಸಿರು ಬಿಟ್ಟು, "ಸದ್ಯ, ಬದುಕಿಕೊಂಡ," ಎಂದು ಗೋಡೆಯತ್ತ ಮುಖ ತಿರುಗಿಸಿದಳು.

ಟೈಲರಣ್ಣ ಚಿತ್ರವನ್ನು ಬೆಳಕಿಗೆ ಹಿಡಿದು, ಬಟ್ಟೆಯ ಉಲ್ಟಾ ಸೀದಾ ನೋಡುವವನ ಹಾಗೆ ಎರಡೂ ಕಡೆ ತಿರುಗಿಸಿ ನೋಡಿದ.

"ಹಾಗಿದ್ರೆ ಎಡಗಡೆದನ್ನೇ ಅವಳಿಗೆ ಹಾಕಿ, ಡಾಕ್ಟ್ರೇ. ನಂದೇನು, ಕೂತು ಮಾಡೋ ಕೆಲಸ."