ಹಾಯಿಯಮ್ಮನಿಗೊಂದು ಹಿಂದಿನ ಸೀಟು

ಹಾಯಿಯಮ್ಮ ಹೊಲಿದ ಹಾಯಿಗಳು ಎಷ್ಟೋ ದೋಣಿಗಳ ಮೇಲೆ ಏರಿವೆ. ಆದರೆ ಗಾಳಿ ತುಂಬಿಕೊಂಡು ನಿಂತ ಹಾಯಿಯನ್ನು ಆಕೆ ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ ಅಂದರೆ ನೀವು ನಂಬಲಿಕ್ಕಿಲ್ಲ. ನಂಬಿ. ನನಗೇನು ಸುಳ್ಳು ಹೇಳಿ ಆಗಬೇಕಾದ್ದಿದೆ?

ಆಕೆಯ ಗಂಡ ದೋಣಿ ಮೇಸ್ತ್ರಿ. ಮನೆ ಹಿಂದಿನ ಶೆಡ್ಡಿನಲ್ಲಿ ಪುಟ್ಟ ಪುಟ್ಟ ಹಾಯಿದೋಣಿ ಕಟ್ಟುತ್ತಿದ್ದ. ಕೆರೆ ದೂರ. ದೋಣಿ ತಯಾರಾದರೆ ಬಾಡಿಗೆ ಗಾಡಿಯೊಂದು ಬಂದು ಟ್ರೇಲರ್ ಸಿಕ್ಕಿಸಿಕೊಂಡು ಎಳೆದೊಯ್ಯುತ್ತಿತ್ತು. ಅದರಲ್ಲಿದ್ದದ್ದು ಎರಡೇ ಸೀಟು, ಡ್ರೈವರಿಗೊಂದು, ಮೇಸ್ತ್ರಿಗೊಂದು. ಹಾಯಿಯಮ್ಮ ಬಾಗಿಲಲ್ಲಿ ನಿಂತು ಕೈಬೀಸಿ ಒಳಗೆ ಬರುತ್ತಿದ್ದಳು. ಬೇರೆ ದಾರಿ ಹಿಡಿದು ಹೋಗೋಣವೆಂದರೆ ತಾಯಿಗೆ ಮಂಡಿ ಕೈಕೊಟ್ಟು ಗಾಲಿಕುರ್ಚಿಯೇ ಗತಿಯಾಗಿತ್ತು, ಒಬ್ಬಳನ್ನೇ ಬಿಟ್ಟು ಹೋಗುವ ಹಾಗಿರಲಿಲ್ಲ. ಆ ಮುದುಕಿ ಸಾಮಾನ್ಯದವಳಲ್ಲ ಮತ್ತೆ. ಮಗಳಿಗೆ ಈ ಹೊಲಿಗೆ ಕಲಿಸಿದವಳೇ ಅವಳು. ಹಾಯಿ ಉಬ್ಬಿದ್ದನ್ನು ಅವಳೂ ಕಂಡಿರಲಿಲ್ಲ.

ಹಾಯಿ ಹೊಲಿಯುವುದೆಂದರೆ ಪರದೆ ಹೊಲಿದ ಹಾಗಲ್ಲ. ಬಟ್ಟೆಯ ಪಟ್ಟಿಗಳ ಅಂಚನ್ನು ನೇರವಾಗಿ ಕತ್ತರಿಸದೆ ಇಷ್ಟೇ ಇಷ್ಟು ಬಾಗಿಸಿ ಕತ್ತರಿಸಬೇಕು. ಹಾಗೆ ಬಾಗಿದ ಅಂಚುಗಳನ್ನು ಜೋಡಿಸಿದರೆ ಚಪ್ಪಟೆ ಬಟ್ಟೆಗೆ ಹೊಟ್ಟೆ ಬರುತ್ತದೆ. ಬರುತ್ತದಂತೆ! ನೆಲದ ಮೇಲೆ ಹಾಸಿದರೆ ಮಾತ್ರ ಅದು ಮುನಿಸಿಕೊಂಡ ಮಗುವಿನ ಹಾಗೆ ಅಲ್ಲಲ್ಲಿ ಉಬ್ಬಿಕೊಂಡು ಬಿದ್ದಿರುತ್ತಿತ್ತು. ಒಮ್ಮೆ ಹಾಯಿಯಮ್ಮ ತಡೆಯಲಾರದೆ ಮಾಳಿಗೆಯ ಕಿಟಕಿಗೆ ಹಾಯಿ ಕಟ್ಟಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟು ನೋಡಿದ್ದಳು. ಒಗೆದ ಪಂಚೆಯ ಹಾಗೆ ಪಟಪಟ ಅಂದಿತೇ ಹೊರತು ಹೊಟ್ಟೆಯೂ ಇಲ್ಲ, ಬೆನ್ನೂ ಇಲ್ಲ. ತಾಯಿ ಮಗಳು ಬಿದ್ದು ಬಿದ್ದು ನಕ್ಕಿದ್ದರು. ಆದರೆ ಆ ಹೊಟ್ಟೆ ಎಲ್ಲಿ ಏಳುತ್ತದೆ, ಮುಂದಕ್ಕೋ ಹಿಂದಕ್ಕೋ ಅನ್ನುವ ಕುತೂಹಲ ಅಂದಿನಿಂದ ಆಕೆಯ ತಲೆಯಲ್ಲಿ ಗೂಡು ಕಟ್ಟಿಕೊಂಡಿತ್ತು.

ಹೀಗಿರುವಾಗ ಬಾಡಿಗೆ ಗಾಡಿಯವನು ಆ ಕಸುಬೇ ಸಾಕೆಂದು ಬಿಟ್ಟ. ಮೇಸ್ತ್ರಿ ಸ್ವಂತ ಪಿಕಪ್ ಕೊಳ್ಳಲು ಹೊರಟ. ಹಳೇ ಗಾಡಿ ಮಾರುವವನ ಅಂಗಳದಲ್ಲಿ ಅವನ ಕೆಲಸಕ್ಕೆ ಆಗುವಂಥವು ಎರಡಿದ್ದವು. ಒಂದು ದೊಡ್ಡದು, ಹಿಂದೆ ಉದ್ದನೆಯ ಬಾಡಿ, ಮುಂದೆ ಇಬ್ಬರಿಗಷ್ಟೇ ಜಾಗ. ಇನ್ನೊಂದು ಬೇರೆ ಕಂಪನಿಯ ಚಿಕ್ಕ ಗಾಡಿ, ಬಾಡಿ ಗಿಡ್ಡ, ಆದರೆ ಹಿಂದೊಂದು ಸೀಟು.

ಮೇಸ್ತ್ರಿ ರಾತ್ರಿ ಊಟಕ್ಕೆ ಕೂತು ಉದ್ದ ಬಾಡಿಯ ಗುಣಗಾನ ಶುರುಮಾಡಿದ. "ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರ ಹೆಚ್ಚಿದ್ದಷ್ಟೂ ಗಾಡಿ ಅಲ್ಲಾಡಲ್ಲ. ದಾರೀಲಿ ಗಾಳಿ ಬೀಸಿ ಟ್ರೇಲರ್ ಓಲಾಡಿದ್ರೂ ಎಳೆಯೋ ಗಾಡಿ ಗಟ್ಟಿಯಾಗಿ ನಿಲ್ಲುತ್ತೆ. ಗಿಡ್ಡದ್ದಾದ್ರೆ ಬಾಲವೇ ನಾಯೀನ ಆಡಿಸಿಬಿಡುತ್ತೆ."

"ಗಿಡ್ಡದ್ದರಲ್ಲಿ ಹಿಂದೆ ಸೀಟಿದೆಯಲ್ರೀ," ಅಂದಳು ಹಾಯಿಯಮ್ಮ.

"ಸೀಟು ಯಾಕೆ? ದೋಣಿ ಕೂರುತ್ತಾ?"

"ನಾನು ಕೂರ್ತೀನಿ. ಅಮ್ಮನೂ ಕೂರ್ತಾಳೆ. ನನಗೂ ಹಾಯಿ ಉಬ್ಬೋದನ್ನ ನೋಡಬೇಕು."

ಮೇಸ್ತ್ರಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಇಷ್ಟು ವರ್ಷ ಬಾಯಿಬಿಟ್ಟು ಹೇಳಲೇ ಇಲ್ವಲ್ಲೇ!"

"ನೀವು ಕೇಳಿದ್ರಾ?"

ಕೆಟ್ಟವನಲ್ಲ ಅವನು. ಮರದ ಮಾತು ತಿಳಿದಷ್ಟು ಮನುಷ್ಯರ ಮಾತು ತಿಳಿಯದು, ಅಷ್ಟೇ. "ದೋಣಿ ದಾರೀಲೇ ಮಗುಚಿಕೊಂಡ್ರೆ ಅಲ್ಲಿ ಹೋಗಿ ಏನನ್ನ ನೋಡ್ತೀಯ?" ಅಂದ. ಅದು ನಿಜವಾದ ಮಾತು. ನಿಜವಾಗಿತ್ತೆಂದೇ ಹಾಯಿಯಮ್ಮನಿಗೆ ಮೈಯೆಲ್ಲ ಉರಿಯಿತು. ಕೊನೆಗೆ ಮೇಸ್ತ್ರಿ, "ಮೊದಲು ನಮ್ಮ ಗಲ್ಲಿಯ ತಿರುವಲ್ಲಿ ಉದ್ದದ್ದು ಹಿಡಿಯುತ್ತಾ ನೋಡೋಣ. ಹಿಡಿದ್ರೆ ಅದೇ. ಹಿಡೀಲಿಲ್ಲ ಅಂದ್ರೆ ಗಿಡ್ಡದ್ದು," ಎಂದು ಕೈತೊಳೆದ.

ಏನೇ ಕಟ್ಟುವ ಮುಂಚೆ ತೆಳು ಮರದ ಪಟ್ಟಿಗಳಲ್ಲಿ ಅದರ ಪೂರ್ತಿ ಅಳತೆಯ ಚೌಕಟ್ಟು ಮಾಡಿ ನೋಡುವುದು ಮೇಸ್ತ್ರಿಯ ಪದ್ಧತಿ. ಸರಿ, ಉದ್ದ ಗಾಡಿಯ ಅಗಲ ಉದ್ದ ಅಳೆದು ತಂದು ಚೌಕಟ್ಟು ಕಟ್ಟಿಯೇಬಿಟ್ಟ. ಮುಂದೆ ಅವನು, ಹಿಂದೆ ಹಾಯಿಯಮ್ಮ, ಹೊತ್ತುಕೊಂಡು ಗಲ್ಲಿಗಿಳಿದರು. ಮುದುಕಿ ಗಾಲಿಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ತಿರುವಿನ ಬೇಕರಿಯವನು ಮೆಟ್ಟಿಲ ಮೇಲೆ ನಿಂತು, "ಏನ್ ಮೇಸ್ತ್ರಿ, ಗಾಡಿಗೆ ಪೆಟ್ರೋಲ್ ಹಾಕಿಸಿದ್ರಾ?" ಎಂದು ಕಿಚಾಯಿಸಿದ.

ಚೌಕಟ್ಟು ತಿರುವಿನಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ತಿರುಗಿತು. "ನೋಡ್ದೆಯಾ!" ಅಂತ ಮೇಸ್ತ್ರಿ ಹಿಗ್ಗಿದ. ಹಾಯಿಯಮ್ಮ ತನ್ನ ಕಡೆಯ ತುದಿಯನ್ನು ಧೊಪ್ಪನೆ ಕೆಳಗಿಟ್ಟಳು. ಹಿಂದಿನ ಸೀಟು ಕೈಬಿಟ್ಟು ಹೋಯಿತು, ಅದೂ ತಾನೇ ಹೊತ್ತು ತಿರುಗಿಸಿ!

"ಅಳಿಯಂದಿರೇ," ಮುದುಕಿ ಕೂಗಿದಳು. "ನನ್ನ ಮಗಳು ತಿರುವಲ್ಲಿ ಅಡ್ಡಡ್ಡ ಹೆಜ್ಜೆ ಹಾಕಿದಳಲ್ಲ, ಗಾಡಿಯ ಹಿಂದಿನ ಚಕ್ರಾನೂ ಹಾಗೇ ಅಡ್ಡ ನಡೆಯುತ್ತಾ?"

ಮೇಸ್ತ್ರಿ ತಿರುಗಿ ಚೌಕಟ್ಟಿನ ಹಿಂದಿನ ತುದಿಯನ್ನು ನೋಡಿದ. ಜೀವಮಾನವೆಲ್ಲ ದೋಣಿಯ ಜೊತೆ ಕಳೆದವನು. ದೋಣಿ ತಿರುಗುವಾಗ ಅದರ ಹಿಂಭಾಗ ನೀರಿನಲ್ಲಿ ಆಚೆಗೆ ಜಾರಿಕೊಳ್ಳುತ್ತದೆ. ಗಾಡಿಯದೂ ಹಾಗೇ ಜಾರುತ್ತದೆಂದೇ ಅವನು ಅಂದುಕೊಂಡುಬಿಟ್ಟಿದ್ದ.

"ಇವಳು ನನ್ನ ತಳ್ಳಿಕೊಂಡು ಬರೋವಾಗ ದಿನಾ ನನ್ನ ಕಾಲು ಸುಸೂತ್ರ ದಾಟುತ್ತೆ, ಹಿಂದಿನ ಗಾಲಿ ಮಾತ್ರ ಒಳಗೆ ಸರಿದು ಆ ಬೇಕರಿ ಮೆಟ್ಟಿಲಿಗೆ ಬಡಿಯುತ್ತೆ," ಅಂದಳು ಮುದುಕಿ. "ಇಷ್ಟು ಗಿಡ್ಡ ಕುರ್ಚಿಯದೇ ಈ ಗತಿ."

ಮೇಸ್ತ್ರಿಗೆ ಅವಮಾನವಾಗುವ ಬದಲು ಕಣ್ಣು ಅರಳಿತು. ಶೆಡ್ಡಿಗೆ ಓಡಿ ಕೈಗಾಡಿಯ ಎರಡು ಚಕ್ರ ಬಿಚ್ಚಿ ತಂದು, ಗಾಡಿಯ ಹಿಂಚಕ್ರ ಬರುವ ಜಾಗಕ್ಕೇ ಚೌಕಟ್ಟಿಗೆ ಕಟ್ಟಿದ. ಈಗ ಮುಂದಿನಿಂದ ಎಳೆದರೆ ಹಿಂಭಾಗ ಒಳಗೆ ಸರಿಯುತ್ತಾ ಸರಿಯುತ್ತಾ ಬಂದು ಬೇಕರಿಯ ಮೆಟ್ಟಿಲಿಗೆ ಠಕ್ ಅಂತ ಹೊಡೆದು ನಿಂತಿತು. ಎಷ್ಟು ಹಿಂದೆ ಮುಂದೆ ಮಾಡಿದರೂ ಅದೇ ಹಾಡು. ಪಟ್ಟಿಗಳನ್ನು ಗಿಡ್ಡ ಗಾಡಿಯ ಅಳತೆಗೆ ಕುಯ್ದು, ಚಕ್ರ ಮುಂದಕ್ಕೆ ಸರಿಸಿ ಎಳೆದರು. ಮೆಟ್ಟಿಲಿಗೆ ಕೂದಲೆಳೆಯಷ್ಟು ಬಿಟ್ಟು ಪಾರಾಯಿತು. ಹಾಯಿಯಮ್ಮ ನಡುಬೀದಿಯಲ್ಲೇ ಚಪ್ಪಾಳೆ ತಟ್ಟಿಬಿಟ್ಟಳು.

ಓಲಾಟದ ಭಯ ಮಾತ್ರ ಮೇಸ್ತ್ರಿಗೆ ಉಳಿದೇ ಇತ್ತು. ಗ್ಯಾರೇಜಿನವನು, "ನಿಮ್ಮ ದೋಣಿ ಹಗುರ. ಟ್ರೇಲರಿನಲ್ಲಿ ಭಾರ ಸ್ವಲ್ಪ ಮುಂದಕ್ಕೆ ಕೂರಿಸಿ, ನಿಧಾನ ಹೋಗಿ, ಏನೂ ಆಗಲ್ಲ," ಅಂದ ಮೇಲೆಯೇ ಗಾಡಿ ತಂದ.

ಹೊಸ ದೋಣಿ ಕೆರೆಗೆ ಹೊರಟ ಬೆಳಿಗ್ಗೆ ಗಾಲಿಕುರ್ಚಿ ಹಿಂದಿನ ಬಾಡಿಯಲ್ಲಿ, ತಾಯಿ ಮಗಳು ಹಿಂದಿನ ಸೀಟಿನಲ್ಲಿ. ಮೇಸ್ತ್ರಿ ಎಷ್ಟು ನಿಧಾನ ಓಡಿಸಿದನೆಂದರೆ ಸೈಕಲ್ಲಿನವರೂ ಹಿಂದೆ ಹಾಕಿ ಹೋದರು.

ಕೆರೆಯ ದಂಡೆಯಲ್ಲಿ ದೋಣಿ ಕಟ್ಟಿಸಿದ ಯಜಮಾನ ಹಾಯಿ ಏರಿಸಿದ. ಮೊದಲು ಅದು ಕಿಟಕಿಯಲ್ಲಿ ಅಂದಂತೆಯೇ ಪಟಪಟ ಅಂದಿತು. ಹಾಯಿಯಮ್ಮ ತಾಯಿಯ ಭುಜ ಹಿಡಿದುಕೊಂಡಳು. ದೋಣಿ ತುಸು ತಿರುಗಿತು, ಪಟಪಟ ನಿಂತುಹೋಯಿತು, ಬಟ್ಟೆ ಸದ್ದಿಲ್ಲದೆ ತುಂಬಿಕೊಂಡಿತು. ಹೊಟ್ಟೆ ಆಕೆ ಅಂದುಕೊಂಡದ್ದಕ್ಕಿಂತ ಮುಂದಕ್ಕಿತ್ತು, ಹಾಯಿ ಕಟ್ಟುವ ಕಂಬದ ಹತ್ತಿರಕ್ಕೆ. ತಾನು ಬಾಗಿಸಿ ಕತ್ತರಿಸಿದ ಒಂದೊಂದು ಅಂಚೂ ಅಲ್ಲಿ ಕಾಣುತ್ತಿತ್ತು. ಆಕೆಗೆ ಅಳು ಬಂತು, ಅತ್ತಳು.

"ಹೇಗಿದೆ?" ಮೇಸ್ತ್ರಿ ಮೆಲ್ಲಗೆ ಕೇಳಿದ.

ಹಾಯಿಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಮೇಲ್ಗಡೆ ಒಂಚೂರು ಸುಕ್ಕು ಬಂದಿದೆ ಕಣ್ರೀ. ಮುಂದಿನ ದೋಣೀಲಿ ಸರಿ ಮಾಡ್ತೀನಿ. ಆಗ್ಲೂ ಬಂದು ನೋಡಬೇಕಾಗುತ್ತೆ."

"ಎಲ್ಲಿದೆಯೇ ಸುಕ್ಕು?" ಮುದುಕಿ ಹಣೆಗೆ ಕೈ ಅಡ್ಡ ಹಿಡಿದು ದಿಟ್ಟಿಸಿದಳು. "ಸುಕ್ಕೂ ಇಲ್ಲ, ಸುಡುಗಾಡೂ ಇಲ್ಲ."

"ಸುಮ್ನಿರಮ್ಮಾ," ಅಂದಳು ಹಾಯಿಯಮ್ಮ, ತಾಯಿಯ ಕಿವಿಯಲ್ಲಿ.