ಹಮೀದುನ್ನೀಸಾ ಎಡಕ್ಕೆ ಸರಿದದ್ದು

ಪಿರಿಯಾಪಟ್ಟಣದ ಹಮೀದುನ್ನೀಸಾ ಇಪ್ಪತ್ತೆರಡು ವರ್ಷಗಳಿಂದ ಗೋಣಿ ಹೊಲಿಯುತ್ತಿದ್ದಾರೆ. ಹರಾಜಿಗೆ ಹೋಗುವ ತಂಬಾಕಿನ ಹೊರೆಗಳಿಗೆ, ಅಂದರೆ ಬೇಲುಗಳಿಗೆ, ಸುತ್ತುವ ಗೋಣಿ. ಅಳತೆ ಒಂದೇ, ಹೊಲಿಗೆ ಒಂದೇ. ಕಣ್ಣು ಮುಚ್ಚಿಕೊಂಡೇ ಹೊಲಿದಾರು. ಆದರೆ ಹರಾಜು ಮುಗಿದರೆ ಕೆಲಸವೂ ಮುಗಿಯಿತು. ಬೇಸಿಗೆಯಿಡೀ ಅವರ ಮಿಷನ್ನಿನ ಮೇಲೆ ಮಡಚಿದ ಬಟ್ಟೆ ಕೂತಿರುತ್ತದೆ.

ಹೋದ ಏಪ್ರಿಲ್‌ನಲ್ಲಿ, ಪಕ್ಕದಲ್ಲೇ ಬ್ಯೂಟಿ ಪಾರ್ಲರ್ ನಡೆಸುವ ನಂದಿತಾ ಮೊಬೈಲ್ ಹಿಡಿದುಕೊಂಡು ಬಂದಳು.

"ಉಣಸೂರಲ್ಲಿ ಸಮ್ಮರ್ ಮೀಟ್ ಅಂತೆ ಕಣಕ್ಕ. ನಾಕು ತಾಲ್ಲೂಕಿನ ಸಣ್ಣ ವ್ಯಾಪಾರದೋರೆಲ್ಲ ಬತ್ತಾರೆ. ನಿಮ್ಮೆಸ್ರೂ ಕೊಟ್ಟಿವ್ನಿ."

"ಅಲ್ಲೋಗಿ ನಾನೇನ್ ಮಾರ್ಲವ್ವ?"

"ಮಾರೋದಲ್ಲ, ನೆಟ್‌ವರ್ಕಿಂಗು."

ತಮ್ಮ ಮನೆಯಲ್ಲಿ ನೆಟ್‌ವರ್ಕ್ ಚೆನ್ನಾಗಿಯೇ ಸಿಗುತ್ತದಲ್ಲ ಎಂದು ಹಮೀದುನ್ನೀಸಾಗೆ ಅನ್ನಿಸಿತು. ಕೇಳಿದರೆ ನಕ್ಕಾಳು ಎಂದು ಹೂಂ ಎಂದರು. ಮುಂದಿನ ಭಾನುವಾರ ಇಬ್ಬರೂ ಬಸ್ಸು ಹತ್ತಿದರು.

ಹುಣಸೂರಿನ ಕಲ್ಯಾಣಮಂಟಪದಲ್ಲಿ ಎರಡು ಸಾಲು ಕುರ್ಚಿ ಎದುರುಬದುರು ಹಾಕಿದ್ದರು. ಫ್ಲೆಕ್ಸ್ ಅಂಗಡಿಯ ಚೇತನ್‌ಕುಮಾರ್ ವೇದಿಕೆಯ ಮೇಲಿಂದ ಮೈಕಿನಲ್ಲಿ ನಿಯಮ ಹೇಳಿದ. ಬಾಗಿಲ ಕಡೆಯ ಸಾಲಿನವರು ಕದಲಬಾರದು. ಕಿಟಕಿ ಕಡೆಯವರು ಮೂರು ನಿಮಿಷಕ್ಕೊಮ್ಮೆ, ಗಂಟೆ ಹೊಡೆದ ಕೂಡಲೇ, ಒಂದೊಂದು ಕುರ್ಚಿ ಬಲಕ್ಕೆ ಸರಿಯಬೇಕು. ಎದುರಿಗೆ ಸಿಕ್ಕವರಿಗೆ ತಮ್ಮ ವ್ಯಾಪಾರ ತಿಳಿಸಿ ಕಾರ್ಡು ಕೊಡಬೇಕು. ಹಮೀದುನ್ನೀಸಾ ಕಿಟಕಿ ಕಡೆ ಕೂತಿದ್ದರು. ಅವರ ಹತ್ತಿರ ಕಾರ್ಡಿರಲಿಲ್ಲ. ನಂದಿತಾ ಎಲ್ಲೋ ಆ ತುದಿಯಲ್ಲಿದ್ದಳು.

ಎದುರಿಗೆ ಕೆ.ಆರ್. ನಗರದ ಗೋವಿಂದಯ್ಯ ಎಂಬ ಅರವತ್ತರ ಮನುಷ್ಯ. ಗಿಡಗಳ ನರ್ಸರಿ ಇಟ್ಟವರು. ಅವರು ಮಾವು, ತೆಂಗು ಎಂದರು. ಇವರು ತಂಬಾಕಿನ ಗೋಣಿ ಎಂದರು. ಅಷ್ಟಕ್ಕೇ ಮಾತು ಮುಗಿಯಿತು. ಗಂಟೆ ಹೊಡೆಯಿತು.

ಬಲಕ್ಕೆ ಸರಿದರೆ ಎಚ್.ಡಿ. ಕೋಟೆಯ ರಾಧಾ. ರೆಸಾರ್ಟ್ ಕೆಲಸಗಾರರಿಗೆ ಊಟ ಕಳಿಸುವವಳು. "ನಿಮ್ಗೆ ಎಂಥ ರೆಫರೆನ್ಸ್ ಬೇಕಕ್ಕ, ಯಾರ್ ಪರಿಚಯ ಮಾಡುಸ್ಲಿ?" ಎಂದು ಪೆನ್ನು ಹಿಡಿದು ಕೇಳಿದಳು. ಹಮೀದುನ್ನೀಸಾಗೆ ತಮಗೇನು ಬೇಕೆಂದೇ ತೋಚಲಿಲ್ಲ. "ಏನೂ ಬ್ಯಾಡ ಕಣವ್ವ," ಎಂದುಬಿಟ್ಟರು. ರಾಧಾ ಅದನ್ನೂ ಬರೆದುಕೊಂಡಳು.

ಮತ್ತೆ ಗಂಟೆ. ಚೇತನ್‌ಕುಮಾರ್ ವೇದಿಕೆಯಿಂದ ಬಲಗೈ ಬೀಸಿ "ರೈಟ್, ರೈಟ್" ಎಂದ. ಎದುರು ನಿಂತವನ ಬಲಗೈ ಇವರಿಗೆ ಎಡಕ್ಕೆ ಕಂಡಿತು. ಎಡಕ್ಕೆ ಸರಿದರು. ಆ ಕುರ್ಚಿಗೆ ಬರಬೇಕಾದವನು ಹೆಂಗಸು ಕೂತದ್ದು ನೋಡಿ ದಾಟಿಕೊಂಡು ಹೋದ. ಎದುರಿಗೆ ಅದೇ ಗೋವಿಂದಯ್ಯ.

"ನೀವ್ ಆಗ್ಲೇ ಬಂದಿದ್ರಲ್ವಾ?"

"ಬಂದಿದ್ದೆ. ಯಾಕೋ ಎಚ್ಚುಕಮ್ಮಿ ಆಯ್ತು."

"ಆಗ್ಲಿ ಬುಡಿ. ನಂಗೂ ಏನೂ ಅರ್ಥಾಗ್ತಿಲ್ಲ. ಮಗಳು ಕಳ್ಸುದ್ಲು ಅಂತ ಬಂದೆ."

ಆ ಮೂರು ನಿಮಿಷ ಇಬ್ಬರೂ ಬಿಸಿಲಿನ ಮಾತಾಡಿದರು. ಮುಂದಿನ ಗಂಟೆಗೆ ಹಮೀದುನ್ನೀಸಾ ಎದ್ದು ನಿಂತರು. ಎಡವೋ ಬಲವೋ ಎನ್ನುವಷ್ಟರಲ್ಲಿ ಎರಡೂ ಕಡೆ ಜನ ಕೂತಾಗಿತ್ತು. ಖಾಲಿ ಉಳಿದದ್ದು ಅವರು ಎದ್ದ ಕುರ್ಚಿಯೊಂದೇ. ಸೆರಗು ಎಳೆದುಕೊಂಡು ಅದರಲ್ಲೇ ಕೂತರು.

ಗೋವಿಂದಯ್ಯ ಈ ಸಲ ಬಿಸಿಲಿನ ಮಾತು ತೆಗೆಯಲಿಲ್ಲ. "ಅಲ್ಲ ಕಣಮ್ಮ, ನೀವು ಗೋಣಿ ಅಂದ್ರಲ್ಲ. ನಾನು ದೊಡ್ಡ ಗಿಡ ಕೀಳುಸ್ವಾಗ ಬೇರಿನ ಮಣ್ಣು ಉದುರ್ದಂಗೆ ಗೋಣಿ ಸುತ್ತುಸ್ತೀನಿ. ಹಳೇ ಚೀಲ ಹರ್ದು ಕಟ್ತಾರೆ, ದಾರೀಲೇ ಬಿಚ್ಕತದೆ. ಹೊಲ್ದು ಕೊಡಕ್ಕಾಯ್ತದಾ?"

"ಯಾವ್ ಅಳ್ತೆ?"

"ಅಳ್ತೆ ಎಲ್ಲಿ ಬಂತು? ಒಂದೊಂದು ಗಿಡ ಒಂದೊಂದ್ ಥರ."

ಅಳತೆಯಿಲ್ಲದೆ ಹೊಲಿಯುವುದು ಹೇಗೆಂದು ಹಮೀದುನ್ನೀಸಾಗೆ ಹೊಳೆಯಲಿಲ್ಲ. ಆದರೂ ತಲೆಯಾಡಿಸಿದರು. ಅವರ ನಂಬರನ್ನು ಗೋವಿಂದಯ್ಯ ಬೇರೆ ಯಾರದೋ ಕಾರ್ಡಿನ ಹಿಂದೆ ಬರೆದುಕೊಂಡರು. ಆಮೇಲೆ ಗಂಟೆ ಹೊಡೆದರೂ ಹಮೀದುನ್ನೀಸಾ ಆ ಕುರ್ಚಿ ಬಿಟ್ಟೇಳಲಿಲ್ಲ.

ಸಂಜೆ ಬಸ್ಸಿನಲ್ಲಿ ನಂದಿತಾ ತನಗೆ ಸಿಕ್ಕ ಮೂವತ್ತೊಂದು ಕಾರ್ಡುಗಳನ್ನು ತಾಲ್ಲೂಕುವಾರು ಜೋಡಿಸುತ್ತಾ, "ನಿಮ್ಗೆಷ್ಟು ಜನ ಸಿಕ್ರಕ್ಕ?" ಎಂದಳು.

"ಇಬ್ರು," ಎಂದರು ಹಮೀದುನ್ನೀಸಾ. ನಂದಿತಾ ಮರುಕದಿಂದ ಅವರ ಕೈ ಒತ್ತಿದಳು.

ಎಂಟು ದಿನಕ್ಕೆ ಗೋವಿಂದಯ್ಯನ ಫೋನು ಬಂತು. ಹಮೀದುನ್ನೀಸಾ ಕೆ.ಆರ್. ನಗರಕ್ಕೆ ಹೋಗಿ, ನರ್ಸರಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಬೇರಿನ ಮಣ್ಣುಂಡೆಗಳಿಗೆ ದಾರ ಸುತ್ತಿ ಅಳತೆ ನೋಡಿದರು. ಮೊದಲು ಹೊಲಿದ ಹತ್ತು ಚೀಲದಲ್ಲಿ ಆರು ಸಡಿಲವಾದವು. ಆಮೇಲೆ ಬಾಯಿಗೆ ಹುರಿ ಪೋಣಿಸಿ, ಎಳೆದರೆ ಬಿಗಿಯಾಗುವಂತೆ ಮಾಡಿದರು. ಮೇ ಕೊನೆಯ ಹೊತ್ತಿಗೆ ಮುನ್ನೂರು ಹೊಲಿದಾಗಿತ್ತು.

ಆ ನಡುವೆ ಚೇತನ್‌ಕುಮಾರ್ ಎಲ್ಲರಿಗೂ ಫೋನು ಮಾಡಿ, ಮೀಟಿನಿಂದ ಏನು ಕಲಿತಿರಿ ಎಂದು ಕೇಳುತ್ತಿದ್ದ. ಹಮೀದುನ್ನೀಸಾ ಹೊಲಿಗೆ ನಿಲ್ಲಿಸಿ ಫೋನು ಕಿವಿಗಿಟ್ಟರು. ಸರಿಯಾಗಿ ಬಲಕ್ಕೇ ಸರಿದಿದ್ದರೆ ಏನಾಗುತ್ತಿತ್ತು ಎಂಬುದು ಅವರಿಗೆ ಬಗೆಹರಿದಿರಲಿಲ್ಲ.

"ಗೊತ್ತಾಗ್ನಿಲ್ಲ ಕಣಪ್ಪ," ಎಂದರು. "ಮುಂದಿನ್ ಸಲ ಯಾವಾಗ?"