ಬಚ್ಚಲಲ್ಲಿ ತೊಳೆದ ಫೋಟೋ

ಹೋದ ವಾರ ಮಗಳಿಗೊಂದು ಪಾರ್ಸೆಲ್ ಬಂತು. ಅದರೊಳಗಿನ ಪುಡಿಯೊಂದನ್ನು ಬಚ್ಚಲಲ್ಲಿ ನೀರಿಗೆ ಹಾಕಿ ಕದಡಿದಳು ನೋಡಿ, ಮನೆಯೆಲ್ಲ ಹುಳಿಹುಳಿ ಘಾಟು ಹಬ್ಬಿತು. ಹಳಸಿದ ಮಜ್ಜಿಗೆಗೆ ಯಾರೋ ಗಂಧಕ ಬೆರೆಸಿದ ಹಾಗೆ. ಹೆಂಡತಿ ಗಿರಿಜಾ ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನ ಕಡೆ ನೋಡಿದಳು. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೆ.

ಕಲರ್ ರೀಲು ತೊಳೆಯುವ ಆ ಮದ್ದಿನ ವಾಸನೆ ನಮ್ಮಿಬ್ಬರಿಗೂ ಹೊಸದಲ್ಲ. ಈಗಿನ ಹುಡುಗರಿಗೆ ಹಳೇ ಕ್ಯಾಮೆರಾದ ಹುಚ್ಚು ಹಿಡಿದಿದೆಯಂತೆ. ನನಗೆ ಆ ಹುಚ್ಚು ಇಪ್ಪತ್ತು ವರ್ಷಗಳ ಹಿಂದೆ, ಈ ಮಗಳು ಮೂರು ತಿಂಗಳ ಕೂಸಾಗಿದ್ದಾಗ ಹಿಡಿದಿತ್ತು. ಬಳ್ಳಾರಿಯ ತುಂಬ ಸ್ಟುಡಿಯೊಗಳಿದ್ದವು. ಬೆಳಿಗ್ಗೆ ಕೊಟ್ಟರೆ ಸಂಜೆಗೆ ಫೋಟೋ ಕೈಗೆ ಬರುತ್ತಿತ್ತು. ಆದರೆ ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಮೇಷ್ಟರು. ನನ್ನ ರೀಲನ್ನು ಇನ್ನೊಬ್ಬರು ತೊಳೆಯುವುದೇ? ಕುರುಗೋಡಿನ ಮಾವನ ಮನೆಯ ಪಡಸಾಲೆಯಲ್ಲಿ ಕೂತು ಒಂದು ದಿನ ಘೋಷಿಸಿಯೇಬಿಟ್ಟೆ: "ಇನ್ಮ್ಯಾಲ ಫೋಟೋ ಎಲ್ಲಾ ಮನಿಯಾಗ ತೊಳೀತೀನಿ." ಅತ್ತೆ ಬೆರಗಾಗಿ, "ನಮ್ಮ ಅಳಿಯಾರು ಬಿಡ್ರಿ!" ಎಂದರು. ಆ ಮಾತು ನನ್ನ ತಲೆಗೇರಿತು.

ಮೊದಲ ರೀಲಿನಲ್ಲಿ ಇದ್ದದ್ದೇನು ಗೊತ್ತೇ? ಸಿರುಗುಪ್ಪ ಕಡೆಯ ಕರೂರಿನ ಅಜ್ಜಿ, ಅಂದರೆ ಅತ್ತೆಯ ತಾಯಿ. ಆಕೆ ಹುಟ್ಟಿದಾಗಿನಿಂದ ಫೋಟೋ ತೆಗೆಸಿಕೊಂಡವಳಲ್ಲ. ಯಾರು ಕೇಳಿದರೂ, "ನನ್ನ ಮುಖ ನನಗ ಗೊತ್ತೈತಿ, ನೀವು ನೋಡಾಕ ಹತ್ತೀರಿ, ಮತ್ಯಾರಿಗೆ ತೋರಿಸ್ಬೇಕು?" ಎನ್ನುತ್ತಿದ್ದಳು. ಮರಿಮೊಮ್ಮಗಳನ್ನು ತೊಡೆಯ ಮೇಲಿಟ್ಟ ದಿನ ಮಾತ್ರ ಅದು ಹೇಗೋ ಮೆತ್ತಗಾದಳು. ಅಜ್ಜಿ, ಅತ್ತೆ, ಗಿರಿಜಾ, ಕೂಸು: ನಾಲ್ಕು ತಲೆಮಾರು ಒಂದೇ ಮಂಚದ ಮೇಲೆ. ನಾನು ಗುಂಡಿ ಒತ್ತಿದೆ.

ಇನ್ನು ಬಚ್ಚಲಿಗೆ ಬನ್ನಿ. ಮೇ ತಿಂಗಳ ಮಧ್ಯಾಹ್ನ. ಬೆಳಕು ಸೋಕದಂತೆ ರೀಲನ್ನು ಡಬ್ಬಿಯೊಳಗೆ ಸುತ್ತಬೇಕಲ್ಲ, ಅದಕ್ಕೆ ಎರಡು ಕೌದಿ ಹೊದ್ದು ಕೂತೆ. ಬಳ್ಳಾರಿಯ ಮೇ ತಿಂಗಳಲ್ಲಿ ಕೌದಿ ಹೊದ್ದವರು ಊರಲ್ಲಿ ನಾನೊಬ್ಬನೇ ಇದ್ದೆನೇನೋ. ಹೊರಬರುವಷ್ಟರಲ್ಲಿ ರೀಲಿಗಿಂತ ಮೊದಲು ನಾನೇ ತೊಳೆದಂತಾಗಿದ್ದೆ. ಮದ್ದಿನ ಜೊತೆ ಬಂದ ಕಾಗದದಲ್ಲಿ 'ನೀರನ್ನು ಮೂವತ್ತೆಂಟು ಡಿಗ್ರಿಗೆ ಕಾಯಿಸಿ' ಎಂದಿತ್ತು. ಬರೆದವನು ಪುಣ್ಯವಂತ, ನಮ್ಮೂರನ್ನು ಕಂಡವನಲ್ಲ. ನಮ್ಮ ಟ್ಯಾಂಕಿನ ನೀರು ತಾನಾಗಿಯೇ ಅದನ್ನು ಮೀರಿ ಕುದಿಯಲು ಹವಣಿಸುತ್ತಿತ್ತು. ಓಣಿಯಲ್ಲಿ ಬಂದ ಐಸ್‌ಕ್ಯಾಂಡಿಯವನನ್ನು ನಿಲ್ಲಿಸಿ ಹತ್ತು ಕ್ಯಾಂಡಿ ಕೊಂಡು ಟಬ್ಬಿಗೆ ಹಾಕಿದೆವು. ನೀರು ಗುಲಾಬಿಯಾಯಿತು. ಕಡ್ಡಿಗಳು ತೇಲಿದವು.

ಅದೇ ಟಬ್ಬಿನಲ್ಲಿ ಒಂದೇ ಥರದ ಕಂದು ಬಾಟಲಿಗಳನ್ನು ನಿಲ್ಲಿಸಿದ್ದೆ. ಒಂದರಲ್ಲಿ ಚಿತ್ರ ಮೂಡಿಸುವ ಡೆವಲಪರ್, ಎರಡರಲ್ಲಿ ಬೇಡದ್ದನ್ನೆಲ್ಲ ಅಳಿಸುವ ಮದ್ದು. ಒಂದು ಮೊದಲು, ಎರಡು ಆಮೇಲೆ. ತಿರುಗುಮುರುಗಾದರೆ ಚಿತ್ರ ಮೂಡುವ ಮೊದಲೇ ಅಳಿಸಿಹೋಗುತ್ತದೆ. ಹಾಗಾಗಿ ಗುರುತಿಗೆ ೧, ೨ ಎಂದು ಶಾಯಿಯಲ್ಲಿ ಬರೆದ ಚೀಟಿ ಅಂಟಿಸಿದ್ದೆ. ಗಿರಿಜಾ ಕೂಸನ್ನು ಮಲಗಿಸಲು ಒಳಗೆ ಹೋಗಿದ್ದಾಗ ಆ ಚೀಟಿಗಳು ಕಳಚಿ ಕಡ್ಡಿಗಳ ನಡುವೆ ತೇಲುತ್ತಿದ್ದವು. ಮುಚ್ಚಳ ತೆಗೆದು ನೋಡಿದ್ದರೆ ಬಣ್ಣದಲ್ಲೇ ಗೊತ್ತಾಗುತ್ತಿತ್ತು. ಆದರೆ ರಸಾಯನಶಾಸ್ತ್ರದ ಮೇಷ್ಟರಿಗೆ ಅಂಥ ಅನುಮಾನ ಬರಬಾರದಲ್ಲ! ಆಕೆ ಬರುವ ಮೊದಲೇ, ಬರೀ ನೆನಪಿನ ಮೇಲೆ ಚೀಟಿಗಳನ್ನು ಮತ್ತೆ ಅಂಟಿಸಿದೆ.

"ಒಂದನೇದು ಕೊಡು," ಎಂದೆ. ಗಿರಿಜಾ ಕೊಟ್ಟಳು. "ಎರಡನೇದು." ಅದನ್ನೂ ಕೊಟ್ಟಳು. ಕೊನೆಗೆ ಡಬ್ಬಿ ತೆರೆದು ರೀಲನ್ನು ಕಿಟಕಿಗೆ ಹಿಡಿದೆ. ಉದ್ದಕ್ಕೂ ಕಿತ್ತಳೆ ಬಣ್ಣ. ಅಜ್ಜಿಯೂ ಇಲ್ಲ, ಮಂಚವೂ ಇಲ್ಲ.

ಚೀಟಿಗಳನ್ನು ನಾನೇ ತಿರುಗುಮುರುಗು ಅಂಟಿಸಿದ್ದೆನೆಂದು ಆ ಕ್ಷಣವೇ ಹೊಳೆಯಿತು. ಆಮೇಲೆ ನಾನು ಮಾಡಿದ್ದನ್ನು ನಿಮಗೆ ಹೇಳಲು ನಾಚಿಕೆಯಾಗುತ್ತದೆ. ಆಕೆ ರೀಲನ್ನೇ ನೋಡುತ್ತಿದ್ದಾಗ ಬಾಟಲಿಗಳ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡೆ. "ಯಾವ ಬಾಟ್ಲಿ ಕೊಟ್ಟಿ?" ಎಂದು ಮೆಲ್ಲಗೆ ಕೇಳಿದೆ.

ಆಕೆಯ ಮುಖ ಬಿಳಿಚಿಕೊಂಡಿತು. "ಒಂದು ಅಂತ ಇತ್ತಲ್ರೀ... ಶಾಯಿ ಹರಡಿತ್ತು. ಒಂದಕ್ಕ ಬಾಲ ಇತ್ತೇನು? ಎರಡಿತ್ತೇನು ಅದು?"

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನಿಟ್ಟುಸಿರು ಬಿಟ್ಟೆ. ಅಷ್ಟೇ ಸಾಕಾಯಿತು.

ಸುದ್ದಿ ಕುರುಗೋಡು ಮುಟ್ಟಿತು. "ಒಂದು ಬಾಟ್ಲಿ ನೋಡಿ ಕೊಡಾಕ ಬರಲಿಲ್ಲೇನ ನಿನಗ?" ಎಂದು ಅತ್ತೆ ಮಗಳನ್ನು ಬೈದರು. ಅಂದಿನಿಂದ ಯಾರ ಮನೆಯ ಕಾರ್ಯದಲ್ಲೂ ಗಿರಿಜಾಳ ಕೈಗೆ ಒಂದು ಎಣ್ಣೆ ಬಾಟಲಿಯನ್ನೂ ಕೊಡುತ್ತಿರಲಿಲ್ಲ. "ಆಕಿ ಬದಲಿ ಹಾಕ್ತಾಳ, ತಡೀರಿ!" ಎಂದು ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಸ್ವಲ್ಪ ತಡವಾಗಿ.

ರೀಲು ಹಾಳಾದ ವಾರವೇ, ತಪ್ಪೊಪ್ಪಿಕೊಳ್ಳಲು ಗಿರಿಜಾ ನನ್ನನ್ನು ಕರೂರಿಗೆ ಎಳೆದುಕೊಂಡು ಹೋದಳು. ಸಿರುಗುಪ್ಪದಲ್ಲಿ ಬಸ್ಸು ಬದಲಿಸುವಾಗಲೇ ಅವಳ ಕಣ್ಣಲ್ಲಿ ನೀರು. ಅಜ್ಜಿ ಎಲ್ಲ ಕೇಳಿ, ತನಗಿದ್ದ ನಾಲ್ಕು ಹಲ್ಲೂ ಕಾಣುವಂತೆ ನಕ್ಕಳು.

"ಹಾಳಾತಾ? ಚಲೋ ಆತು ಬಿಡವ್ವ! ಹಾಳಾಗ್ಲಿ ಅಂತ ನಾನ ಬೇಡ್ಕೊಂಡಿದ್ದೆ. ಆವತ್ತು ನಿಮ್ಮವ್ವ ಅವಸರ ಮಾಡಿ ಕುಂದ್ರಿಸಿದ್ಲು. ಮೂಗುತಿ ಹಾಕ್ಕೊಂಡಿದ್ದಿಲ್ಲ, ಬಾಯಿ ಬ್ಯಾರೆ ತಕ್ಕೊಂಡಿದ್ದೆ."

ಪೆಟ್ಟಿಗೆಯಿಂದ ಹೊಸ ಸೀರೆ ಬಂತು, ಮೂಗುತಿ ಬಂತು. ಕುರುಗೋಡಿಗೆ ಆಳು ಹೋಗಿ ಅತ್ತೆಯೂ ಬಂದರು. ನಾಲ್ಕು ತಲೆಮಾರನ್ನೂ ಮತ್ತೆ ಕೂರಿಸಿ ಗುಂಡಿ ಒತ್ತಿದೆ. ಈ ಸಲದ ರೀಲನ್ನು ನಾನು ಬಳ್ಳಾರಿಯ ಸ್ಟುಡಿಯೊ ಒಂದಕ್ಕೆ ಕದ್ದು ಕೊಟ್ಟು ಬಂದೆ. ಬಚ್ಚಲ ಬಾಗಿಲು ಹಾಕಿಕೊಂಡು ಎರಡು ತಾಸು ಸುಮ್ಮನೆ ನೀರು ಸುರಿದೆ. ಫೋಟೋ ಅದ್ಭುತವಾಗಿತ್ತು. 'ಅಳಿಯಾರು ತೊಳೆದಿದ್ದು' ಎಂದು ಅದು ಇಂದಿಗೂ ಕುರುಗೋಡಿನ ಪಡಸಾಲೆಯಲ್ಲಿದೆ. ಅಜ್ಜಿ ಹೋಗಿ ವರ್ಷಗಳಾದವು. ಆಕೆಯದು ಅಂತ ಇರುವುದು ಅದೊಂದೇ.

ಇದೆಲ್ಲ ಯಾಕೆ ಹೇಳಿದೆನೆಂದರೆ, ಹೋದ ವಾರ ಮಗಳು ಬಚ್ಚಲಿಂದ, "ಅಮ್ಮಾ, ಸ್ವಲ್ಪ ಬಾಟ್ಲಿ ಕೊಡಾಕ ಬಾ," ಎಂದು ಕರೆದಳು. ಗಿರಿಜಾ ಎರಡು ಹೆಜ್ಜೆ ಹಿಂದೆ ಸರಿದಳು. "ಬ್ಯಾಡವ್ವ, ನನ್ನ ಕೈ ಚಲೋ ಇಲ್ಲ. ಅಪ್ಪಾರನ್ನ ಕರಿ."

ನಗುತ್ತಲೇ ಹೇಳಿದಳು. ಆದರೆ ಎರಡೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನಾನು ಪೇಪರು ಮಡಚಿಟ್ಟು ಎಲ್ಲ ಹೇಳಿಬಿಟ್ಟೆ: ಚೀಟಿ, ಜೇಬು, ನಿಟ್ಟುಸಿರು.

ಮಗಳು ನೇರವಾಗಿ ಕೇಳಿದಳು: "ಹಂಗಾದ್ರ ಎರಡನೇ ರೀಲು ಹ್ಯಾಂಗ ಬಂತಪ್ಪಾ?"

"ಸ್ಟುಡಿಯೊ," ಎಂದೆ.

ಸಂಜೆ ಗಿರಿಜಾ ಚಹಾ ತಂದು ಮುಂದಿಟ್ಟಳು. "ನನ್ನ ಮ್ಯಾಲ ಹಾಕಿದ್ರಿ, ಅದಕ್ಕ ಅಷ್ಟು ಸಿಟ್ಟಿಲ್ಲ. ಇಪ್ಪತ್ತು ವರ್ಷ ನಾನೂ ನಂಬಿದ್ನಲ್ರೀ, ನನ್ನ ಕಣ್ಣ ಮೋಸ ಮಾಡ್ತು ಅಂತ. ಅದಕ್ಕ ಸಿಟ್ಟು." ಆಕೆ ಫೋನ್ ಎತ್ತಿಕೊಂಡು ತಾಯಿಗೆ ಹೇಳಿದಳು: "ಭಾನುವಾರ ಬರ್ತೀವಿ. ಎಲ್ಲಾರನ್ನೂ ಕರಿ. ಇವರು ಏನೋ ಹೇಳ್ಬೇಕಂತ."

ಕುರುಗೋಡಿನ ಬಸ್ಸು ಕೊಳಗಲ್ಲು ದಾಟುವಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸಿಗೂ ವಿಷಯ ಗೊತ್ತಾಗಿತ್ತು. ಪಡಸಾಲೆ ತುಂಬ ಜನ: ಅತ್ತೆ, ಮಾವ, ಷಡ್ಡಕ, ನಾದಿನಿಯರು, ಓಣಿಯವರು. ನಾನು ಕೂತಲ್ಲಿಂದಲೇ ತಲೆ ತಗ್ಗಿಸಿ, "ಆ ರೀಲು ಹಾಳು ಮಾಡಿದ್ದು ನಾನು," ಎಂದೆ.

ಹಿಂದಿನ ಸಾಲಿನಿಂದ ಗಿರಿಜಾಳ ದನಿ ಬಂತು: "ಹಿಂದ ಕೇಳವಲ್ದು. ಎದ್ದು ನಿಂತು ಹೇಳ್ರಿ, ಸರ್."

ಎದ್ದು ನಿಂತೆ. ಕ್ಲಾಸಿನಲ್ಲಿ ಹೇಳುವಷ್ಟು ಜೋರಾಗಿ, ಮೊದಲಿನಿಂದ ಹೇಳಿದೆ.